ಐದನೇ ವೃತ್ತ

ಬೆಳಗಿನ ಆರೂಕಾಲಿಗೆ ಮಂಡ್ಯದ ಗ್ರಂಥಾಲಯದ ಮುಂದೆ
ಜನವಿಲ್ಲ. ಚೀಲಗಳು ನಿಂತಿವೆ ಸಾಲಾಗಿ.
ನನ್ನದು ಹನ್ನೊಂದನೆಯದು, ಮಗಳು ಬಿಟ್ಟ ಸ್ಕೂಲ್ ಬ್ಯಾಗು;
ಜಿಪ್ಪು ಹೋದಲ್ಲಿ ಪಿನ್ನು, ಮೇಲೊಂದು ಚಪ್ಪಟೆ ಕಲ್ಲು.
ಗಾಳಿಗೆ ಹಾರದಿರಲಿ ಅಂತಲ್ಲ,
ಈ ಹೆಂಗಸು ಎದ್ದು ಹೋಗಿಲ್ಲ ಅಂತ.

ಚೀಲದವರೆಲ್ಲ ಎದುರಿನ ಟೀ ಅಂಗಡಿಯಲ್ಲಿ.
ಜವರಾಜು, ಒಂದು ಕೈಲಿ ಬನ್ನು, ಇನ್ನೊಂದರಲ್ಲಿ ಸ್ಟಾಪ್‌ವಾಚು:
"ಅಕ್ಕೋ, ನೂರೈವತ್ತು ಮೀಟರ್ ರೈಲು,
ಗಂಟೆಗೆ ಐವತ್ನಾಕು ಕಿಲೋಮೀಟರು.
ಕಂಬ ದಾಟಕ್ಕೆ ಎಷ್ಟೊತ್ತು?"
ಹತ್ತು ಸೆಕೆಂಡು, ಅಂದೆ.
ಅಷ್ಟರಲ್ಲಿ ಸ್ಟೇಷನ್ ಕಡೆ ನಿಜವಾದದ್ದೊಂದು ಕೂಗಿತು.
ಪುಸ್ತಕದ ರೈಲೇ ವಾಸಿ: ಯಲಿಯೂರಲ್ಲಿ ಸಿಗ್ನಲ್ಲಿಗೆ ಕಾಯುವುದಿಲ್ಲ,
ಬಾಗಿಲಲ್ಲಿ ಯಾರೂ ಜೋತುಬಿದ್ದಿರುವುದಿಲ್ಲ,
ಕಂಬ ಸುಮ್ಮನೆ ನಿಂತು ದಾಟಿಸಿಕೊಳ್ಳುತ್ತದೆ.

ಜವರಾಜುವಿನ ಹೆಸರು ಪಟ್ಟಿಯಲ್ಲಿ ಬಂದು ಎರಡು ವರ್ಷ.
ಪಟ್ಟಿ ಕೋರ್ಟಿನಲ್ಲಿದೆ. ಅವನು ಇಲ್ಲಿ.
"ಪಾಸಾದೋನೂ ಓದ್ತಾವ್ನೆ" ಎಂದು ನಗುವ ಸಿದ್ದಪ್ಪಾಜಿಯ
ರಟ್ಟಿನ ಮೇಲೆ ಟೀ ಸಾಲ ಬೆಳೆಯುತ್ತಿದೆ,
ಸರಳ ಬಡ್ಡಿಯೂ ಇಲ್ಲದೆ.

ತೊಟ್ಟಿಗೆ ಎರಡು ನಲ್ಲಿ: ಒಂದು ತುಂಬುತ್ತದೆ, ಒಂದು ಖಾಲಿ ಮಾಡುತ್ತದೆ.
ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.
ಜೆರಾಕ್ಸ್ ಅಂಗಡಿಯ ಸಂಬಳ ಮೇಲಿನ ನಲ್ಲಿ;
ಕೆಳಗಿನದು ಬಾಡಿಗೆ, ವ್ಯಾನ್ ಫೀಸು, ಅತ್ತೆಯ ಶುಗರ್ ಮಾತ್ರೆ,
ಅರ್ಜಿ ಶುಲ್ಕ, ಮತ್ತೆ ಅರ್ಜಿ ಶುಲ್ಕ.
ತೊಟ್ಟಿ ಯಾವಾಗ ತುಂಬುವುದು?
ಆಯ್ಕೆ ಡಿ: ದತ್ತಾಂಶ ಸಾಲದು.

ಹಗಲಿಡೀ ಬೇರೆಯವರ ಹಾಲ್ ಟಿಕೆಟು ನನ್ನ ಕೈಯಲ್ಲಿ ಬಿಸಿಬಿಸಿ.
ಎರಡು ಸಾವಿರದ ಎರಡು. ಎರಡು ಸಾವಿರದ ನಾಲ್ಕು.
ಬೇಡವೆಂದರೂ ಕಳೆಯುತ್ತೇನೆ.
ಎ ಎಂಬವಳ ವಯಸ್ಸು ಬಿ ಎಂಬವಳಿಗಿಂತ ಹದಿನಾಲ್ಕು ಹೆಚ್ಚು,
ಹುದ್ದೆ ಒಂದೇ,
ಎ ಗೆ ಉಳಿದಿರುವ ಅವಕಾಶಗಳೆಷ್ಟು?
ಮಸಿ ಬಳಿದುಕೊಂಡ ಹಾಳೆಗಳನ್ನು ಮಾಲೀಕರು ಬಿಸಾಡಲು ಹೇಳುತ್ತಾರೆ.
ಯಾರದೋ ಪಹಣಿಯ ಬೆನ್ನ ಮೇಲೆ
ನನ್ನ ಶೇಕಡಾವಾರುಗಳು.

ರಾತ್ರಿ ಗುತ್ತಲಿನ ಮನೆಯಲ್ಲಿ ಇಂಪನ ಪ್ರಶ್ನೆ ಓದುತ್ತಾಳೆ.
ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದೆಲ್ಲಿಗೆ?
ಕೋಲಾರದ ಚಿನ್ನದ ಗಣಿಗೆ, ಅನ್ನುವಾಗ
ನಮ್ಮ ಮನೆಯದು ಹೋಯಿತು.
ಕತ್ತಲಲ್ಲಿ ಅತ್ತೆ ಕೆಂಪಾಜಮ್ಮ:
"ಪಕ್ಕದಲ್ಲೇ ಉಟ್ಟಿ ಅಷ್ಟು ದೂರ ಓಗಿತ್ತಾ?
ಅದ್ಕೇ ನಮ್ಗೆ ಬರದು ಲೇಟು."

ಮೊಬೈಲ್ ಬೆಳಕಲ್ಲಿ ಮುಂದಿನದು, ರಕ್ತಸಂಬಂಧ:
ಹುಡುಗಿಯೊಬ್ಬಳ ಫೋಟೋ ತೋರಿಸಿ ಒಬ್ಬಾಕೆ ಹೇಳಿದಳು,
ಇವಳ ತಾಯಿ ನನ್ನ ತಂದೆಯ ಒಬ್ಬಳೇ ಮಗಳು.
ಗೆರೆ ಎಳೆದೆ, ಚೌಕ ಬರೆದೆ, ಕೂಡಿಸಿದೆ, ಅಳಿಸಿದೆ.
"ಅಮ್ಮಾ, ಇಷ್ಟೊತ್ತಾ?
ನೀನು, ನಾನು!"
ನಲವತ್ತು ಸೆಕೆಂಡು ದಂಡವಾಯಿತು. ಅವಳು ನಗುತ್ತಲೇ ಇದ್ದಳು.

ಸೂಚನೆಯಲ್ಲಿ ಬರೆದಿದೆ:
ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ.
ಉತ್ತರ ಗೊತ್ತಿಲ್ಲದಿದ್ದರೆ ಐದನೇ ವೃತ್ತ ತುಂಬಿ;
ಖಾಲಿ ಬಿಟ್ಟರೂ ಕಾಲು ಅಂಕ ಹೋಗುತ್ತದೆ.
ಗೊತ್ತಿಲ್ಲ ಅನ್ನುವುದಕ್ಕೂ ಕಪ್ಪು ಶಾಯಿಯೇ ಬೇಕು,
ಅಂಚು ಮೀರದಂತೆ, ಪೂರ್ತಿ.

ಇವತ್ತು ಟೀ ಕುಡಿದು ಬಂದರೆ ಸಾಲಲ್ಲಿ ಒಂದು ಚೀಲ ಕಡಿಮೆ.
ನನ್ನದು ಹತ್ತನೆಯದಾಗಿದೆ.
ಕಲ್ಲಿನ ಜಾಗದಲ್ಲಿ ಅವನ ಸ್ಟಾಪ್‌ವಾಚು,
ನಿಲ್ಲಿಸದೆ ಇಟ್ಟುಹೋಗಿದ್ದಾನೆ:
ನಾಲ್ಕು ನಿಮಿಷ ಐವತ್ತೊಂದು, ಐವತ್ತೆರಡು.
ಆದೇಶ ಬಂತೋ, ಬೇಸತ್ತನೋ,
ಎರಡೂ ಹೌದೋ, ಎರಡೂ ಅಲ್ಲವೋ.
ಫೋನು ರಿಂಗಾಗುತ್ತಿದೆ, ಎತ್ತುತ್ತಿಲ್ಲ.
ಸಿದ್ದಪ್ಪಾಜಿ ರಟ್ಟು ತೋರಿಸಿದ:
ಅವನ ಸಾಲಿನ ಮೇಲೆ ಗೀಟು, ಪೂರಾ ಚುಕ್ತಾ.

ಗೇಟು ತೆಗೆದರು. ಎಲ್ಲರೂ ಕುರ್ಚಿಗೆ ಓಡಿದರು.
ನಾನು ಫ್ಯಾನಿನ ಕೆಳಗೆ ಕೂತು ಅಭ್ಯಾಸದ ಹಾಳೆ ಬಿಡಿಸಿ
ಮೊದಲು ಐದನೇ ವೃತ್ತ ತುಂಬಿದೆ,
ಯಾವ ಪ್ರಶ್ನೆಗೂ ಅಲ್ಲ.
ಆಮೇಲೆ ಸ್ಟಾಪ್‌ವಾಚು ಸೊನ್ನೆಗೆ ತಂದು, ಒತ್ತಿದೆ.