ಮೂರನೆಯವಳು

ಜಿನೋವಾ ಬಂದರಿನೆದುರು ಟಿಕೆಟ್ಟಿನ ಅಂಗಡಿಯಲ್ಲಿ
ಅಮ್ಮ ಬೆರಳು ಮಡಚಿ ಎಣಿಸುತ್ತಿದ್ದಳು:
ಮೊದಲಿಬ್ಬರಿಗೆ ಪೂರಾ ದರ, ತಲಾ ಏಳುನೂರು ಯೂರೋ.
ಮೂರನೆಯವಳು ನಾನು, ನೂರೆಂಬತ್ತು.
ನಾಲ್ಕನೆಯವನು ತಮ್ಮ ಎಲಿಯೊ, ಅವನೂ ಅಷ್ಟೇ.
ಸುಂಕ ಮಾತ್ರ ಎಲ್ಲರಿಗೂ ಒಂದೇ;
ಬಂದರಿನ ತಕ್ಕಡಿಗೆ ದೊಡ್ಡವರು ಚಿಕ್ಕವರು ಇಲ್ಲ
ಎಂದು ಗುಮಾಸ್ತೆ ನಕ್ಕಳು.

ನನಗೋ ಹೆಮ್ಮೆ. ಶಾಲೆಯಲ್ಲೆಲ್ಲ ಸಾರಿದೆ:
ಚಾವಣಿಯಿಂದ ಇಳಿಯುವ ಮಂಚ ನನ್ನದು,
ಹಗಲು ಗೋಡೆಯೊಳಗೆ, ರಾತ್ರಿ ಗಾಳಿಯಲ್ಲಿ.

ಮೇ ತಿಂಗಳಲ್ಲಿ ಅಪ್ಪ ಹೋದ.
ಸಾಯಲಿಲ್ಲ, ಹೋದ,
ಸವೋನಾದ ಒಬ್ಬಳ ಮನೆಗೆ,
ಕ್ಷೌರದ ಬ್ರಷ್ಷನ್ನೂ ಬಿಡದೆ.

ಮತ್ತೆ ಅದೇ ಅಂಗಡಿ. ಒಬ್ಬರನ್ನು ಅಳಿಸಿ, ಅಂದಳು ಅಮ್ಮ.
ಗುಮಾಸ್ತೆ ಈ ಸಲ ನಗಲಿಲ್ಲ.
ಎರಡನೆಯವರು ಹೋದರೆ, ಸಿನ್ಯೋರಾ,
ಮೂರನೆಯವಳೇ ಎರಡನೆಯವಳು.
ಏಳುನೂರು.

ಹೊರಗೆ ಬಸ್ಸಿಗೆ ಕಾಯುತ್ತ ಅಮ್ಮ
ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು,
ರಾತ್ರೋರಾತ್ರಿ ಬೆಲೆಯೇರಿದ ಸಾಮಾನು ನೋಡುವ ಹಾಗೆ.
‘ಒಂಬತ್ತು ವರ್ಷಕ್ಕೇ’ ಅಂದಳು.

ಆದರೂ ಹೊರಟೆವು.
ಹೋಟೆಲಿನ ಲಾಂಡ್ರಿಯಲ್ಲಿ ಬೆಂದ ಅವಳ ಕೈ
ಹಡಗಿನ ಹೊದಿಕೆಯ ಮಡಿಕೆ ಮುಟ್ಟಿ ನೋಡಿತು;
ಇಸ್ತ್ರಿ ಸಾಲದು, ಎಂದು ಗೊಣಗಿದಳು.
ಎಲಿಯೊ ಏಣಿ ಹತ್ತಿದ, ಮಲಗಿದ,
ಬಾಯಿ ತೆರೆದು ನೂರೆಂಬತ್ತರ ನಿದ್ದೆ.
ಕೆಳಗೆ ಅಪ್ಪನ ಜಾಗದಲ್ಲಿ ನಾನು.
ನನ್ನ ಕಾಲಿನಾಚೆ ಅಷ್ಟುದ್ದ ಖಾಲಿ ಹಾಸಿಗೆ.

ನನ್ನದಾಗಬೇಕಿದ್ದ ಮಂಚ
ಚಾವಣಿಯೊಳಗೆ ಮುಚ್ಚಿಕೊಂಡೇ ಇತ್ತು.

ಕತ್ತಲಲ್ಲಿ ಅಮ್ಮ ಕೇಳಿದಳು, ನಿದ್ದೆ ಬಂತೇನೆ?
ಇಲ್ಲ, ಅಂದೆ.
ಬೇರೇನೂ ಮಾತಾಡಲಿಲ್ಲ, ದೊಡ್ಡವರಿಬ್ಬರ ಹಾಗೆ.
ಕಡಲು ಮಗ್ಗುಲಾದಾಗಲೆಲ್ಲ
ಮೇಲೆ ಚಿಲಕ ಟಿಕ್ಕೆನ್ನುತ್ತಿತ್ತು.