ಬಲಕ್ಕೆ ತಿರುಗುವಾಗ

ಕಿಹ್ನು ದ್ವೀಪದಲ್ಲಿ ಬೈಕು ಓಡಿಸುವವರು ಹೆಂಗಸರು, ಎಂದೆಲ್,
ನಿನಗೆ ಗೊತ್ತಿಲ್ಲದ್ದೇನಲ್ಲ.
ಗಂಡಸರು ಸೀಲ್ ಬೇಟೆಗೆ, ಹೆರಿಂಗ್ ಮೀನಿಗೆ, ಕಡಲಿಗೆ;
ದಡದ ಮೇಲಿನದೆಲ್ಲ ನಮಗೆ:
ಆಲೂಗಡ್ಡೆ, ಕುರಿ, ಹೆರಿಗೆ, ಹೆಣ,
ಮತ್ತೆ ಈ ಹಳೇ ರಷ್ಯನ್ ಬೈಕು.
ನೀನು ದಡಕ್ಕೆ ಬಂದೆಯೆಂದರೆ
ಪಕ್ಕದ ತೊಟ್ಟಿಲಲ್ಲಿ ಮೊಣಕಾಲು ಮಡಚಿ
ಮಡಿಲಲ್ಲಿ ಬಲೆಯನ್ನೋ ಕೋಳಿಯನ್ನೋ ಇಟ್ಟುಕೊಂಡು
ಮದುವಣಗಿತ್ತಿಯ ಹಾಗೆ ಕೂರುತ್ತಿದ್ದೆ.
ನಲವತ್ತೊಂದು ವರ್ಷ.

ಸಮುದ್ರ ಒಯ್ಯುತ್ತದೆಂದು ನಾನು ಮೊದಲೇ ಅತ್ತಿಟ್ಟಿದ್ದೆ,
ಒಂದೊಂದು ಬಿರುಗಾಳಿಗೆ ಒಂದೊಂದು ಕಂತು.
ಒಯ್ದದ್ದು ಪ್ಯಾರ್ನು ಊರಿನ ಆಸ್ಪತ್ರೆ, ಮೂರನೇ ಮಹಡಿ,
ಹಸಿರು ಪರದೆ, ಮಧ್ಯಾಹ್ನದ ಸಪ್ಪೆ ಸೂಪು.
ಕಟ್ಟಿದ ಕಂತೆಲ್ಲ ಯಾವ ಖಾತೆಗೆ ಹೋಯಿತೋ.
ಲೆಕ್ಕ ಮತ್ತೆ ಮೊದಲಿನಿಂದ.

ರೇಡಿಯೋದಲ್ಲಿ ಕಡಲ ಹವಾಮಾನ ಇನ್ನೂ ಕೇಳುತ್ತೇನೆ.
ನೈಋತ್ಯದ ಗಾಳಿ, ಸೆಕೆಂಡಿಗೆ ಹದಿನಾಲ್ಕು ಮೀಟರ್.
ಎದೆ ಧಸಕ್ಕೆನ್ನುತ್ತದೆ, ಹಳೇ ಅಭ್ಯಾಸ.
ಆಮೇಲೆ ನೆನಪಾಗುತ್ತದೆ: ಹೊರಗೆ ಯಾರಿಲ್ಲ.
ಇಷ್ಟು ವರ್ಷ ಹೆದರಿಕೆಯೂ ಒಂದು ಕೆಲಸವಾಗಿತ್ತು ನನಗೆ.
ಈಗ ಅದೂ ಕೈಬಿಟ್ಟು
ಸಂಜೆ ಆರಕ್ಕೇ ದೀಪ ಆರಿಸುತ್ತೇನೆ.

ಲಂಗದ ವಿಷಯ.
ಮೊದಲು ಕಪ್ಪು, ಆಮೇಲೆ ಕಡುನೀಲಿ,
ಆಮೇಲೆ ಒಂದೊಂದೇ ಕೆಂಪು ಎಳೆ, ಇದು ನಮ್ಮ ಪದ್ಧತಿ.
ದುಃಖ ಎಲ್ಲಿಗೆ ಬಂತೆಂದು ಎದುರು ಬರುವವರು
ಪಟ್ಟೆ ನೋಡಿಯೇ ಓದಿಕೊಳ್ಳುತ್ತಾರೆ.
ಒಳ್ಳೆಯ ಏರ್ಪಾಡು, ಹೇಗಿದ್ದೀಯೆಂದು ಯಾರೂ ಕೇಳಬೇಕಿಲ್ಲ.
ರೋಸಿ ಮಾತ್ರ ಹೊಗೆಯಾಡಿಸಿದ ಮೀನು ತಂದಿಟ್ಟು
ನನ್ನ ಸೊಂಟದಿಂದ ಕಾಲಿನವರೆಗೂ ಕಣ್ಣು ಹಾಯಿಸಿ
‘ಇನ್ನೂ?’ ಅಂದಳು.
ಇನ್ನೂ, ಅಂದೆ.

ನಿನ್ನನ್ನು ಮಣ್ಣಿಗಿಟ್ಟ ಹತ್ತನೇ ದಿನ ಬೈಕು ತೆಗೆದೆ.
ಅಂಗಡಿ ದಾಟಿ, ಬಂದರಿನ ಕಡೆಗೆ ಬಲಕ್ಕೆ ತಿರುಗಿದರೆ
ತೊಟ್ಟಿಲ ಗಾಲಿ ನೆಲ ಬಿಟ್ಟು ಎದ್ದಿತು, ಎಂದೆಲ್!
ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು,
ಬೋರಲು ಬಿದ್ದ ಜೀರುಂಡೆಯ ಕಾಲಿನ ಹಾಗೆ.
ಬ್ರೇಕು ಹಾಕಿ, ಹಿಮದ ಮೇಲೆ ನಿಂತು,
ಅಲ್ಲೇ ಮೊದಲ ಸಲ ಜೋರಾಗಿ ಅತ್ತೆ.
ಎಂಬತ್ತಮೂರು ಕಿಲೋ.
ನಾನೇ ಓಡಿಸುತ್ತೇನೆಂದು ಜಂಭ ಕೊಚ್ಚಿದ್ದೇ ಕೊಚ್ಚಿದ್ದು;
ಅರ್ಧ ಓಡಿಸುತ್ತಿದ್ದವನು ನೀನು, ಬಾಯಿ ಬಿಡದೆ,
ಪ್ರತಿ ತಿರುವಿಗೂ ಒಂದಿಷ್ಟು ವಾಲಿ.

ಮರುದಿನ ಆಲೂಗಡ್ಡೆಯ ಮೂಟೆ ತಂದು ಕೂರಿಸಿದೆ.
ನಿನ್ನ ಬೆಲ್ಟಿನಿಂದಲೇ ಬಿಗಿದೆ, ಬೇರೆ ಹಗ್ಗ ಸಿಗಲಿಲ್ಲ.
ಶಾಲೆಯ ಹುಡುಗರು ನಕ್ಕರು. ನಗಲಿ.
ದಾರಿಯುದ್ದಕ್ಕೂ ಮೂಟೆಯ ಜೊತೆ ಮಾತಾಡಿದೆ:
ಸೀಮೆಎಣ್ಣೆಯ ಬೆಲೆ, ಕುಂಟು ಕುರಿ,
ಮಗಳು ತಾಲಿನ್‌ನಿಂದ ಫೋನು ಮಾಡಿದ್ದು,
ನಾನು ಚೆನ್ನಾಗಿದ್ದೇನೆಂದು ಅವಳಿಗೆ ಸುಳ್ಳು ಹೇಳಿದ್ದು.
ಮೂಟೆ ನಿನಗಿಂತ ಕಡಿಮೆ ಮಾತಿನದೇನೂ ಅಲ್ಲ.

ಮೇ ತಿಂಗಳಲ್ಲಿ ವಾಸನೆ ಹಿಡಿಯಿತು.
ನೋಡಿದರೆ ಗೋಣಿಯ ಎಳೆಎಳೆಯ ಸಂದಿನಿಂದ
ಬಿಳಿ ಮೊಳಕೆ, ಬೆರಳುದ್ದ,
ಎಲ್ಲವೂ ಬೆಳಕಿದ್ದ ಕಡೆಗೇ.
ಬೈದೆ. ನಿನ್ನನ್ನೋ ಅವನ್ನೋ ಗೊತ್ತಿಲ್ಲ.
ಇನ್ನೇನು ಮಾಡಲಿ, ಬೆಲ್ಟು ಬಿಚ್ಚಿ
ಬೇಲಿಯ ಬದಿಗೆ ಮೂರು ಸಾಲು ನೆಟ್ಟೆ,
ಸೊಂಟ ಹಿಡಿದುಕೊಂಡಿತು.

ತೊಟ್ಟಿಲು ಈಗ ಮತ್ತೆ ಬರಿದು.
ಬಂದರಿನ ತಿರುವು ಬಂದಾಗ ವೇಗ ಇಳಿಸುತ್ತೇನೆ,
ಸೀಟಿನಿಂದ ಅರ್ಧ ಜಾರಿ
ಮುದುಕಿ ನಾನೇ ಬಲಕ್ಕೆ ವಾಲುತ್ತೇನೆ,
ನೀನು ವಾಲುತ್ತಿದ್ದೆಯಲ್ಲ, ಹಾಗೆ.
ಗಾಲಿ ಒಂದು ಗೇಣು ಏಳುತ್ತದೆ,
ಯೋಚಿಸುತ್ತದೆ,
ಇಳಿಯುತ್ತದೆ.

ನಿನ್ನೆ ಒಂದು ಲಡಿ ಕೆಂಪು ನೂಲು ಅದ್ದಿದೆ.
ಮಗ್ಗಕ್ಕೆ ಹಾಕುತ್ತೇನೆಂದಲ್ಲ.
ನೆರಳಿನಲ್ಲಿ ಒಣಹಾಕಿದ್ದೇನೆ, ಬಣ್ಣ ಹೋಗದಿರಲಿ ಎಂದು.