ಗುಳಿಯ ನೀಲಿ

ಸಿಸ್ಟರ್ ಎಮರೆನ್ಸಿಯಾ ಚೀಲದಿಂದ ತೆಗೆದದ್ದು
ಹಳೇ ಟವೆಲಿನಲ್ಲಿ ಸುತ್ತಿದ, ಗೇಣಗಲದ ತಾಮ್ರದ ಪೆಟ್ಟಿಗೆ.
ಮನೆಗಿದ್ದಂತೆ ಮಾಡು, ಗೋಡೆ ತುಂಬ ನೀಲಿ.
"ಫ್ರಾನ್ಸಿನ ಲಿಮೋಜ್ ಊರಿನದು. ಎಂಟುನೂರು ವರ್ಷವಂತೆ.
ಯಾರೋ ಪಾದ್ರಿ ಕಾನ್ವೆಂಟಿನ ಬೀರುವಿನಲ್ಲಿ ಬಿಟ್ಟುಹೋದದ್ದು."

ನಗರ್ತಪೇಟೆಯ ಗಲ್ಲಿಯಲ್ಲಿ ನಾನು
ಶಾಲೆ ಬ್ಯಾಡ್ಜಿಗೆ ಬಣ್ಣ ತುಂಬುವವಳು.
ಲೀಡರಿಗೆ ಕೆಂಪು, ಕ್ಯಾಪ್ಟನ್ನಿಗೆ ಹಸಿರು,
ಡಜನ್ನಿಗಿಷ್ಟು, ಜಿಎಸ್‌ಟಿ ಬೇರೆ.
ದೇವರ ಕೆಲಸ ಬಂದದ್ದಿಲ್ಲ.
ಬಂದರೂ ತಾಮ್ರ ಅದೇ, ಗಾಜು ಅದೇ.

ದೇವದೂತನ ಎಡರೆಕ್ಕೆಯಲ್ಲಿ
ಒಂದು ಗರಿಯಷ್ಟು ನೀಲಿ ಉದುರಿತ್ತು.
ಕಣ್ಣಿಗೆ ಲೂಪು ಏರಿಸಿ ಇಣುಕಿದೆ:
ಗುಳಿಯ ತಳದಲ್ಲಿ ಉಳಿಯ ಗೀರು,
ಗಾಜು ಕಚ್ಚಿಕೊಳ್ಳಲೆಂದು ಒರಟಾಗಿ ಬಿಟ್ಟದ್ದು.
"ನುಣ್ಣಗಿದ್ರೆ ನಿಲ್ಲಲ್ಲ, ಮಗಾ"
ನನಗೆ ಅಪ್ಪ ಹೇಳಿದ್ದ.
ಇವನಿಗೆ ಯಾರ ಅಪ್ಪನೋ.

ಒಂದು ಕಡೆ ಉಳಿ ಜಾರಿದೆ.
ಜಾರಿದ ಗೀರನ್ನೇ ದೇಟು ಮಾಡಿ
ತುದಿಗೊಂದು ಹೂ ಕೂರಿಸಿ ಪಾರಾಗಿದ್ದಾನೆ.
ಆರು ಸಂತರಿಗೂ ಒಂದೇ ಅಚ್ಚಿನ ತಲೆ,
ಬೇರೆ ಎರಕ ಹೊಯ್ದು ಮೊಳೆ ಹೊಡೆದದ್ದು;
ಒಬ್ಬರದು ಬಿದ್ದುಹೋಗಿ ತೂತು ಮಾತ್ರ.
ಇವನಿಗೂ ಡಜನ್ನಿನ ಲೆಕ್ಕವಿತ್ತು, ಗೊತ್ತಾಯಿತು.
ನಾಳೆಗೇ ಬೇಕೆಂದು ಯಾರೋ
ಇವನ ಬಾಗಿಲಲ್ಲೂ ನಿಂತಿದ್ದರು.

ಡಬ್ಬಿಗಳನ್ನೆಲ್ಲ ಇಳಿಸಿದೆ. ಹದಿನಾಲ್ಕು ನೀಲಿ.
ಹೊಂದಿದ್ದು ಒಂದೇ,
ಮುಚ್ಚಿಹೋದ ಮಿಲ್ಲಿನ ಕೂಲಿಯವರ ಬಿಲ್ಲೆಗೆಂದು
ಅಪ್ಪ ಅರೆದು ಉಳಿಸಿದ್ದ ಚಿಟಿಕೆ.

ಕುಲುಮೆ ಕಾದಿತ್ತು. ಆದರೆ
ಒಂದು ಗರಿಗೆಂದು ಬೆಂಕಿಗಿಟ್ಟರೆ
ಆಕಾಶವೆಲ್ಲ ಮತ್ತೆ ಕರಗುತ್ತದೆ,
ಚಿನ್ನದ ನೀರು ಸುಟ್ಟು ಕಪ್ಪಾಗುತ್ತದೆ.
"ಆಗಲ್ಲ ಸಿಸ್ಟರ್."
ಅವರು ಆ ಗುಳಿಯನ್ನು
ಒಂದನೇ ಕ್ಲಾಸಿನ ಮಗುವಿನ ಹಲ್ಲು ಬಿದ್ದ ಜಾಗ ನೋಡುವಂತೆ ನೋಡಿದರು.

"ಒಳಗೇನಿತ್ತು?"
"ಯಾರದೋ ಮೂಳೆಯಂತೆ. ನಾನು ಬಂದಾಗಿನಿಂದ
ಬೀರುವಿನ ಬೀಗದಕೈ ಇಡ್ತಿದ್ದೀನಿ."
ಟವೆಲು ಸುತ್ತಿಕೊಂಡು ಹೊರಟರು.
ಕೂಲಿ ಎಷ್ಟೆಂದರು. ನೋಡಿದ್ದಕ್ಕೆ ಕೂಲಿಯೇ?

ನಲವತ್ತು ಬ್ಯಾಡ್ಜು ಬಾಕಿ. ಅಚ್ಚು ಸವೆದಿದೆ,
ಗೆರೆ ಕೈಯಲ್ಲೇ ಕಡಿಯಬೇಕು.
ಹದಿನೇಳನೆಯದರಲ್ಲಿ ಉಳಿ ಜಾರಿತು.
ಗುಜರಿ ಡಬ್ಬಿಯತ್ತ ಹೋದ ಕೈ ತಡೆಯಿತು.

ಸೋಮವಾರ ಯಾವುದೋ ಹುಡುಗನ ಜೇಬಿನ ಮೇಲೆ,
ಶಾಲೆಯ ದೀಪದ ಪಕ್ಕ,
ಆರ್ಡರಿನಲ್ಲಿ ಇಲ್ಲದ ಒಂದು ಹೂ,
ಮಿಲ್ಲಿನ ನೀಲಿಯದು.